ಡನ್‌ಹಿಲ್ಲಾ, ಡ್ಯುಪಾಂಟಾ, ಕಾರ್ಟಿಯೇನಾ? ಮೊದಲನೇ ವಿಂಟೇಜ್ ಲೈಟರ್ ತಗೊಳ್ಳೋ ಮುಂಚೆ

ಹಳೇ ಕಾಲದ ದುಬಾರಿ ಪಾಕೆಟ್ ಲೈಟರ್ ಕಲೆಕ್ಟ್ ಮಾಡ್ಬೇಕು ಅಂತ ಮನಸ್ಸಾದವ್ರು ಮೊದಲು ಕೇಳೋದೇ ಯಾವ ಕಂಪನೀದು ತಗೊಳ್ಳಿ ಅಂತ. ನನ್ನ ಪ್ರಕಾರ ಕಂಪನಿ ಹೆಸರು ಮೂರನೇ ಪ್ರಶ್ನೆ. ಮೊದಲನೇದು ಪೆಟ್ರೋಲಾ ಗ್ಯಾಸಾ, ಎರಡನೇದು ಇದು ಕೆಟ್ರೆ ನಮ್ಮೂರಲ್ಲಿ ಕೈ ಹಾಕೋರು ಯಾರಾದ್ರೂ ಇದ್ದಾರಾ. ಈ ಎರಡಕ್ಕೆ ಉತ್ತರ ಸಿಕ್ಕಿದ್ಮೇಲೆ ಕಂಪನಿ ಹೆಸರು ತಾನಾಗೇ ಬರತ್ತೆ. ಲೈಟರ್ ಅಂದ್ರೆ ಅದು ಒಂದು ಮೆಷೀನು, ಹತ್ಕೋಬೇಕು, ಹತ್ಕೊಳ್ದೇ ಇರೋ ಚಿನ್ನದ ಲೈಟರ್ ಬೀರುವಲ್ಲಿ ಇಡೋಕಾದ್ರೆ ಅದರ ಬದಲು ಚಿನ್ನಾನೇ ತಗೋಬಹುದು. ಇನ್ನೊಂದು ಮಾತು, ಸಿಗರೇಟ್ ಸೇದೋರೇ ಈ ಹವ್ಯಾಸ ಮಾಡ್ಬೇಕು ಅಂತೇನಿಲ್ಲ, ವಾಚು ಪೆನ್ನು ಕ್ಯಾಮೆರಾ ಇಷ್ಟಪಡೋರು ಎಷ್ಟೋ ಜನ ಬರೀ ಮೆಕ್ಯಾನಿಸಂ ನೋಡಿ ಇದಕ್ಕೆ ಬಂದಿದ್ದಾರೆ, ನಾನೂ ಹಾಗೇ ಬಂದವನು.

ಪೆಟ್ರೋಲಾ ಗ್ಯಾಸಾ

ಪೆಟ್ರೋಲ್ ಲೈಟರ್ ಅಂದ್ರೆ ಒಳಗೆ ಹತ್ತಿ, ಒಂದು ಬತ್ತಿ, ಒಂದು ಚಕ್ರ, ಕಿಡಿ ಹಾರಿಸೋ ಒಂದು ಕಲ್ಲು, ಆ ಕಲ್ಲನ್ನ ತಳ್ಳೋಕೆ ಒಂದು ಸ್ಪ್ರಿಂಗು, ಅಷ್ಟೆ. ಹಾಕೋದು ಲೈಟರ್ ಫ್ಲೂಯಿಡ್ಡು, ಬಂಕಲ್ಲಿ ಸಿಗೋ ಪೆಟ್ರೋಲ್ ಅಲ್ಲ, ದಯವಿಟ್ಟು ಅದನ್ನ ಹಾಕ್ಬೇಡಿ, ವಾಸನೆ ಬರತ್ತೆ, ಮಸಿ ಹಿಡಿಯತ್ತೆ, ಕೈಗೂ ಒಳ್ಳೇದಲ್ಲ. ಇದರ ಒಂದೇ ತೊಂದರೆ ಅಂದ್ರೆ ಫ್ಲೂಯಿಡ್ ಆವಿಯಾಗಿ ಹೋಗತ್ತೆ, ಉಪಯೋಗಿಸಿದ್ರೂ ಉಪಯೋಗಿಸ್ದೇ ಇದ್ರೂ ಒಂದೆರಡು ವಾರದಲ್ಲಿ ಖಾಲಿ. ಆದ್ರೆ ತೊಂಬತ್ತು ವರ್ಷ ಹಳೇದಾದ್ರೂ ಬತ್ತಿ ಹತ್ತಿ ಬದಲಾಯಿಸಿ ಹೊಸ ಕಲ್ಲು ಹಾಕಿದ್ರೆ ಹತ್ಕೊಳ್ಳತ್ತೆ, ಮನೇಲೇ ಕೂತು ಮಾಡೋ ಕೆಲಸ.

ಗ್ಯಾಸ್ ಲೈಟರ್‌ದು ಬೇರೆ ಕಥೆ. ಒಳಗೆ ಬ್ಯುಟೇನ್ ಒತ್ತಡದಲ್ಲಿ ದ್ರವವಾಗಿ ಕೂತಿರತ್ತೆ, ಅದನ್ನ ಹಿಡಿದಿಡೋಕೆ ವಾಲ್ವು, ಆ ವಾಲ್ವಿಗೆ ಸಣ್ಣ ಸಣ್ಣ ರಬ್ಬರ್ ರಿಂಗು. ಲೋಹಕ್ಕೆ ನೂರು ವರ್ಷ ಆದ್ರೂ ಏನೂ ಆಗಲ್ಲ, ರಬ್ಬರ್ ಮಾತ್ರ ಮೂವತ್ತು ನಲವತ್ತು ವರ್ಷಕ್ಕೆ ಗಟ್ಟಿಯಾಗಿ ಬಿರುಕು ಬಿಡತ್ತೆ, ಗ್ಯಾಸ್ ಸೋರತ್ತೆ. ಅಂದ್ರೆ ಹಳೇ ಗ್ಯಾಸ್ ಲೈಟರ್ ತಗೊಂಡ್ರಿ ಅಂದ್ರೆ ಇವತ್ತಲ್ಲ ನಾಳೆ ಅದಕ್ಕೆ ಸೀಲ್ ಬದಲಾಯಿಸೋ ಖರ್ಚು ಇದ್ದೇ ಇದೆ ಅಂತ ಲೆಕ್ಕ ಹಾಕ್ಕೊಂಡೇ ಬೆಲೆ ಮಾತಾಡ್ಬೇಕು.

ಈಗ ಇದನ್ನ ಇತಿಹಾಸದ ಪಕ್ಕ ಇಟ್ಟು ನೋಡಿ. ಲೈಟರ್‌ಗೆ ಬ್ಯುಟೇನ್ ಬಂದಿದ್ದು 1940ರ ದಶಕದ ಕೊನೇಲಿ, ಫ್ರಾನ್ಸಿನ ಫ್ಲಾಮಿನೇರ್ ಅನ್ನೋ ಕಂಪನಿಯಿಂದ. ಅದಕ್ಕಿಂತ ಹಿಂದಿನವು ಹೆಚ್ಚಿನವು ಪೆಟ್ರೋಲೇ. ಲಂಡನ್ನಿನ ಡನ್‌ಹಿಲ್ ಕಂಪನಿಯ ಯುನೀಕ್ ಅನ್ನೋ ಮಾಡೆಲ್ 1920ರ ದಶಕದ್ದು, ಪೆಟ್ರೋಲು. ಡನ್‌ಹಿಲ್ ರೋಲಗ್ಯಾಸ್ 1956, ಹೆಸರೇ ಹೇಳೋ ಹಾಗೆ ಗ್ಯಾಸು. ಡ್ಯುಪಾಂಟ್ 1941ರಲ್ಲಿ ಪೆಟ್ರೋಲಲ್ಲಿ ಶುರು ಮಾಡಿ 1950ರ ದಶಕದಲ್ಲಿ ಗ್ಯಾಸಿಗೆ ಬಂತು. ಪ್ಯಾರಿಸ್ಸಿನ ಒಡವೆ ಕಂಪನಿ ಕಾರ್ಟಿಯೇದು 1968, ಪೂರ್ತಿ ಗ್ಯಾಸು. ಹಾಗಾಗಿ ನಿಮಗೆ ಯಾವ ಕಾಲದ್ದು ಇಷ್ಟ ಅನ್ನೋದರಲ್ಲೇ ಯಾವ ಇಂಧನ ಅನ್ನೋದೂ ಅರ್ಧ ತೀರ್ಮಾನ ಆಗಿರತ್ತೆ.

ಡನ್‌ಹಿಲ್ ಯುನೀಕ್, ನನ್ನ ಮೊದಲ ಸಲಹೆ

ಲಂಡನ್ನಲ್ಲಿ ಆಲ್‌ಫ್ರೆಡ್ ಡನ್‌ಹಿಲ್ 1907ರಲ್ಲಿ ಡ್ಯೂಕ್ ಸ್ಟ್ರೀಟಲ್ಲಿ ತಂಬಾಕಿನ ಅಂಗಡಿ ತೆಗೆದ. ಆಮೇಲೆ 1920ರ ದಶಕದ ಶುರುವಲ್ಲಿ ವೈಸ್ ಮತ್ತು ಗ್ರೀನ್‌ವುಡ್ ಅಂತ ಇಬ್ಬರು, ಚಕ್ರಾನ ಅಡ್ಡಕ್ಕೆ ಮಲಗಿಸಿ ಒಂದೇ ಕೈಯಲ್ಲಿ ಹತ್ತಿಸೋ ಲೈಟರ್ ಮಾಡ್ಕೊಂಡು ಅವನ ಹತ್ರ ಬಂದ್ರು, ಮೊದಲನೇ ಮಾದರಿ ಸಾಸಿವೆ ಪುಡಿಯ ತಗಡಿನ ಡಬ್ಬಿಯಲ್ಲಿ ಮಾಡಿದ್ದು. ಅದೇ ಯುನೀಕ್ ಆಯ್ತು. ಅಲ್ಲೀವರೆಗೆ ಹೆಚ್ಚಿನ ಲೈಟರ್‌ಗೆ ಎರಡು ಕೈ ಬೇಕಿತ್ತು, ಒಂದು ಹಿಡಿಯೋಕೆ ಒಂದು ಉಜ್ಜೋಕೆ. ಇದರಲ್ಲಿ ಹೆಬ್ಬೆರಳಿಂದ ಚಕ್ರ ಹಿಂದಕ್ಕೆ ಎಳೆದ್ರೆ ಬತ್ತಿ ಮೇಲಿನ ಮುಚ್ಚಳ ಹಾರಿ ಬೆಂಕಿ ಹತ್ತತ್ತೆ, ಆ ಒಂದು ಚಲನೆ ಕೈಯಲ್ಲಿ ಮಾಡಿ ನೋಡಿದ್ರೇ ಗೊತ್ತಾಗೋದು ಎಷ್ಟು ಯೋಚನೆ ಮಾಡಿ ಮಾಡಿದ್ದಾರೆ ಅಂತ.

ಯುನೀಕ್‌ನಲ್ಲಿ ವೆರೈಟಿ ಬೇಕಾದಷ್ಟಿದೆ. ಬೆಳ್ಳಿ ಲೇಪದ್ದು, ಗಟ್ಟಿ ಬೆಳ್ಳಿದು, ಚಿನ್ನದ್ದು, ಚರ್ಮ ಸುತ್ತಿದ್ದು, ಗಾಳಿಗೆ ತಡೆ ಇರೋ ಸ್ಪೋರ್ಟ್ಸ್ ಮಾದರಿ, ಹೊಟ್ಟೇಲಿ ಪುಟ್ಟ ಗಡಿಯಾರ ಇರೋದು, ಜಪಾನಿನ ನಾಮಿಕಿ ಕಂಪನಿಯವರ ಮಾಕಿಯೆ, ಅಂದ್ರೆ ಅರಗಿನ ಮೇಲೆ ಚಿನ್ನದ ಪುಡಿ ಉದುರಿಸಿ ಬಿಡಿಸಿದ ಚಿತ್ರ ಇರೋದು. ಕೊನೇ ಎರಡು ಬೇರೆ ಲೋಕದ ಬೆಲೆ, ಅವನ್ನ ಮೊದಲ ವರ್ಷದಲ್ಲಿ ಮರೆತುಬಿಡಿ. ಸಾಮಾನ್ಯ ಬೆಳ್ಳಿ ಲೇಪದ ಯುನೀಕ್, ಗೆರೆ ಗೆರೆ ಕೆತ್ತನೆ ಇರೋದು, ಅದು ಕೈಗೆ ಸಿಗೋ ಬೆಲೆಗೆ ಇನ್ನೂ ಬರತ್ತೆ. ತಿರುಗಿಸಿ ತಳ ನೋಡಿ, ಕಂಪನಿ ಹೆಸರಿನ ಜೊತೆ ಪೇಟೆಂಟ್ ನಂಬರ್ 143752 ಅಂತ ಒತ್ತಿರೋದು ತುಂಬಾ ಪೀಸಲ್ಲಿ ಕಾಣತ್ತೆ. ಗಟ್ಟಿ ಬೆಳ್ಳಿ ಅಂತ ಹೇಳಿ ಮಾರ್ತಿದ್ರೆ ಬ್ರಿಟಿಷ್ ಹಾಲ್‌ಮಾರ್ಕ್ ಇರಲೇಬೇಕು, ನಡೆಯೋ ಸಿಂಹ, ಲಂಡನ್ ಆದ್ರೆ ಚಿರತೆ ಮುಖ, ಬರ್ಮಿಂಗ್‌ಹ್ಯಾಮ್ ಆದ್ರೆ ಲಂಗರು, ಜೊತೆಗೆ ಒಂದು ಅಕ್ಷರ, ಆ ಅಕ್ಷರದಿಂದ ಹಾಲ್‌ಮಾರ್ಕ್ ಒತ್ತಿದ ವರ್ಷಾನೇ ಕಂಡುಹಿಡೀಬಹುದು. ಇವು ಸವೆದು ಮಸುಕಾಗಿದ್ರೆ ಬೇಜಾರಿಲ್ಲ, ಆದ್ರೆ ಸುತ್ತಮುತ್ತ ಎಲ್ಲಾ ಚೂಪಾಗಿದ್ದು ಹಾಲ್‌ಮಾರ್ಕ್ ಮಾತ್ರ ಮಸುಕು ಅಂದ್ರೆ ಅನುಮಾನ ಪಡಿ.

ಯುನೀಕ್‌ನ ನಾನು ಮೊದಲು ಹೇಳೋದು ಯಾಕೆ ಅಂದ್ರೆ ಇದು ಪೆಟ್ರೋಲು, ಬಿಡಿ ಭಾಗ ಕಡಿಮೆ, ಒಳ್ಳೇ ವಾಚ್ ರಿಪೇರಿಯವರು ಯಾರಾದ್ರೂ ಸ್ಕ್ರೂ ಬಿಚ್ಚಿ ನೋಡಬಲ್ಲರು, ಮತ್ತೆ ಚರಿತ್ರೆ ಪೂರ್ತಿ ಇದರಲ್ಲೇ ಇದೆ.

ಜೊತೆಗೇ ರಾನ್ಸನ್ ಬಗ್ಗೆ ಒಂದು ಮಾತು. ಅಮೆರಿಕದ ನ್ಯೂ ಜೆರ್ಸಿಯ ನ್ಯೂವಾರ್ಕಲ್ಲಿ ಲೂಯಿಸ್ ಆರನ್ಸನ್ ಕಟ್ಟಿದ ಕಂಪನಿ, 1926ರ ಬ್ಯಾಂಜೋ ಮಾಡೆಲ್‌ನಲ್ಲಿ ಬಟನ್ ಒತ್ತಿದ್ರೆ ಹತ್ತತ್ತೆ ಬಿಟ್ರೆ ಆರತ್ತೆ ಅನ್ನೋ ಪದ್ಧತಿ ತಂದ್ರು. ಬ್ಯಾಂಜೋ ಈಗ ಅಪರೂಪ, ಬೆಲೆ ಜಾಸ್ತಿ, ಆದ್ರೆ ಆಮೇಲೆ ಬಂದ ರಾನ್ಸನ್ ಸ್ಟ್ಯಾಂಡರ್ಡ್ ಎಲ್ಲಾ ಕಡೆ ಸಿಗತ್ತೆ, ಬಿಚ್ಚಿ ಜೋಡಿಸಿ ಕಲಿಯೋಕೆ ಅದಕ್ಕಿಂತ ಒಳ್ಳೇದಿಲ್ಲ. ಲಕ್ಷುರಿ ಅನ್ನೋ ಸಾಲಿಗೆ ಪೂರ್ತಿ ಬರಲ್ಲ ಅಷ್ಟೆ.

ಡ್ಯುಪಾಂಟ್, ಮನಸ್ಸು ಹೋಗೋದು ಇಲ್ಲೇ

ಎಸ್.ಟಿ. ಡ್ಯುಪಾಂಟ್ ಕಂಪನಿ 1872ರಲ್ಲಿ ಸಿಮೋನ್ ಟಿಸ್ಸೋ-ಡ್ಯುಪಾಂಟ್ ಶುರು ಮಾಡಿದ್ದು, ಮೊದಲು ಮಾಡ್ತಿದ್ದದ್ದು ಚರ್ಮದ ಪೆಟ್ಟಿಗೆ, ಪ್ರಯಾಣದ ಬ್ಯಾಗು. ಕಾರ್ಖಾನೆ ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಕಡೆ ಫಾವೆರ್ಜ್ ಅನ್ನೋ ಊರಲ್ಲಿ. ಲೈಟರ್‌ಗೆ ಬಂದ ಕಥೇಲಿ ನಮ್ಮ ದೇಶದ ಹೆಸರೂ ಇದೆ, ಪಟಿಯಾಲ ಮಹಾರಾಜರು ಕೈಚೀಲಗಳಿಗೆ ಆರ್ಡರ್ ಕೊಟ್ಟು ಒಂದೊಂದರಲ್ಲೂ ಚಿನ್ನದ ಲೈಟರ್ ಇರ್ಬೇಕು ಅಂದಿದ್ರಂತೆ, ಅದರಿಂದಲೇ 1941ರಲ್ಲಿ ಅವರ ಮೊದಲ ಪೆಟ್ರೋಲ್ ಲೈಟರ್ ಹುಟ್ಟಿತು ಅಂತ ಕಂಪನಿ ಹೇಳ್ಕೊಳ್ಳೋ ಕಥೆ. ಆಮೇಲೆ 1950ರ ದಶಕದಲ್ಲಿ ಗ್ಯಾಸ್ ಲೈಟರ್, ಜ್ವಾಲೆ ಹೆಚ್ಚು ಕಡಿಮೆ ಮಾಡ್ಕೊಳ್ಳೋ ಅಂಥದ್ದು. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ, ಬಳಸಿ ಬಿಸಾಕೋ ಕ್ರಿಕೆಟ್ ಲೈಟರ್ ಹುಟ್ಟಿದ್ದೂ 1960ರ ದಶಕದಲ್ಲಿ ಇದೇ ಡ್ಯುಪಾಂಟ್ ಮನೇಲಿ, ಅದಕ್ಕೋಸ್ಕರವೇ 1970ರ ದಶಕದ ಶುರುವಲ್ಲಿ ಜಿಲೆಟ್ ಕಂಪನಿ ಡ್ಯುಪಾಂಟಿಗೆ ಬಂಡವಾಳ ಹಾಕ್ತು. ಒಂದೇ ಮನೆಯಿಂದ ಪ್ರಪಂಚದ ಅತೀ ದುಬಾರಿ ಲೈಟರ್ರೂ ಅತೀ ಅಗ್ಗದ ಲೈಟರ್ರೂ ಬಂದಿದೆ ಅಂದ್ರೆ ಆ ಇಂಜಿನಿಯರ್‌ಗಳಿಗೆ ಗ್ಯಾಸ್ ವಾಲ್ವ್ ಎಷ್ಟು ಚೆನ್ನಾಗಿ ಗೊತ್ತಿತ್ತು ಅಂತ ಯೋಚನೆ ಮಾಡಿ.

ಆಯ್ಕೆ ಇರೋದು ಮುಖ್ಯವಾಗಿ ಲೀನ್ಯ್ ಒಂದು ಮತ್ತು ಲೀನ್ಯ್ ಎರಡು ಅನ್ನೋ ಎರಡು ಮಾಡೆಲ್ ಸಾಲುಗಳ ಮಧ್ಯೆ. ಒಂದನೇದು ಹಳೇದು, ಸಣ್ಣದು, ತೆಳ್ಳಗೆ, ಜೇಬಲ್ಲಿ ಇದೆ ಅಂತಾನೇ ಗೊತ್ತಾಗಲ್ಲ. ಎರಡನೇದು 1977ರಲ್ಲಿ ಬಂದಿದ್ದು, ದಪ್ಪ, ತೂಕ, ಮತ್ತೆ ಮುಚ್ಚಳ ತೆಗೆದಾಗ ಬರೋ ಆ ಕ್ಲಿಂಗ್ ಅನ್ನೋ ನಾದ. ಆ ನಾದಕ್ಕೆ ಎಷ್ಟೋ ಜನ ಸೋತಿದ್ದಾರೆ. ದೇವರ ಮನೆ ಗಂಟೆ ಥರ ಒಂದೇ ಸಲ ಹೊಡೆದು ನಿಧಾನಕ್ಕೆ ಕರಗತ್ತೆ. ಆದ್ರೆ ಹುಷಾರು, ಪ್ರತಿ ಪೀಸಿಗೂ ನಾದ ಬೇರೆ, ಕೆಲವು ಉದ್ದಕ್ಕೆ ರಿಂಗಾಗತ್ತೆ, ಕೆಲವು ಟಕ್ ಅಂತ ಸತ್ತೇ ಹೋಗತ್ತೆ, ಸತ್ತ ನಾದ ಅಂದ್ರೆ ನಕಲಿ ಅಂತ ಅರ್ಥ ಅಲ್ಲ, ನಾದ ಇದೆ ಅಂದ್ರೆ ಅಸಲಿ ಅಂತಾನೂ ಅಲ್ಲ, ಈಗಿನ ನಕಲಿಯವರೂ ನಾದ ಬರಿಸೋದು ಕಲ್ತಿದ್ದಾರೆ. ಮಾರೋರ ಹತ್ರ ವೀಡಿಯೊ ಕೇಳಿ, ಮುಚ್ಚಳ ನಾಲ್ಕೈದು ಸಲ ತೆಗೆದು ಮುಚ್ಚಿ ತೋರಿಸಿ ಅನ್ನಿ, ಹಿಂಜ್ ಅಲ್ಲಾಡ್ತಿದ್ಯಾ ಅಂತಾನೂ ಅದರಲ್ಲೇ ಕಾಣತ್ತೆ.

ಹಾಗಾದ್ರೆ ನಕಲಿ ಹಿಡಿಯೋದು ಹೇಗೆ? ತಳ ನೋಡಿ. ಅಸಲಿದರಲ್ಲಿ ಸೀರಿಯಲ್ ನಂಬರ್ ಆಳವಾಗಿ, ಅಕ್ಷರದ ಅಂಚು ಚೂಪಾಗಿ, ಸಾಲು ನೇರವಾಗಿ ಇರತ್ತೆ. ಭೂತಗನ್ನಡಿ ಇಟ್ಟು ನೋಡಿದ್ರೆ ಲೇಸರಲ್ಲಿ ಸುಟ್ಟ ನಕಲಿ ಅಕ್ಷರ ಬೂದು ಬೂದಾಗಿ ತೇಲಿದ ಹಾಗೆ ಕಾಣತ್ತೆ. ಆಮೇಲೆ ತೂಕ. ಅಸಲಿ ಲೀನ್ಯ್ ಎರಡು ಗಟ್ಟಿ ಹಿತ್ತಾಳೆಯಿಂದ ತೆಗೆದ ದೇಹ, ಅಂಗೈಲಿ ಇಟ್ಟಾಗ ಗಾತ್ರಕ್ಕಿಂತ ಭಾರ ಅನ್ಸತ್ತೆ. ಮುಚ್ಚಿದಾಗ ಮುಚ್ಚಳಕ್ಕೂ ದೇಹಕ್ಕೂ ಮಧ್ಯೆ ಗೆರೆ ಕೂದಲೆಳೆಯಷ್ಟಿರ್ಬೇಕು ಮತ್ತೆ ನಾಲ್ಕೂ ಕಡೆ ಒಂದೇ ಸಮ ಇರ್ಬೇಕು, ಮೇಲಿನ ಕೆತ್ತನೆಯ ಗೆರೆಗಳು ಮುಚ್ಚಳದಿಂದ ದೇಹಕ್ಕೆ ತಪ್ಪದೇ ಮುಂದುವರೀಬೇಕು, ಇಲ್ಲೇ ತುಂಬಾ ನಕಲಿಗಳು ಸಿಕ್ಕಿಬೀಳೋದು.

ಅರಗಿನ ಡ್ಯುಪಾಂಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಇದು ನಮ್ಮೋರಿಗೆ ಗೊಂದಲ ಆಗೋ ಜಾಗ. ಚೈನೀಸ್ ಲ್ಯಾಕರ್ ಅಂತ ಬರೆದಿರೋದು ಮರದ ಹಾಲು, ಪೂರ್ವ ಏಷ್ಯಾದ ಒಂದು ಜಾತಿ ಮರಕ್ಕೆ ಗಾಯ ಮಾಡಿ ತೆಗೆಯೋದು, ಪದರದ ಮೇಲೆ ಪದರ ಹಾಕ್ತಾ ಹೋಗ್ತಾರೆ, ಒಣಗೋಕೆ ತೇವ ಬೇಕು. ನಮ್ಮ ಚನ್ನಪಟ್ಟಣದ ಬೊಂಬೆ ಮೇಲಿರೋದು ಕೀಟದಿಂದ ಬರೋ ಅರಗು, ಸ್ಪಿರಿಟ್ ಬಿದ್ರೆ ಕರಗತ್ತೆ. ಡ್ಯುಪಾಂಟ್ ಲ್ಯಾಕರ್ ಪೂರ್ತಿ ಗಟ್ಟಿಯಾದ್ಮೇಲೆ ಅಷ್ಟು ಸುಲಭಕ್ಕೆ ಜಗ್ಗಲ್ಲ, ಅದಕ್ಕೆ ಶತ್ರು ಬಿಸಿಲು ಮತ್ತು ಪೆಟ್ಟು. ಕಿಟಕಿ ಪಕ್ಕದ ಶೋಕೇಸಲ್ಲಿ ವರ್ಷಗಟ್ಟಲೆ ಇಟ್ರೆ ಹೊಳಪು ಸಾಯತ್ತೆ, ಮೂಲೆಗೆ ಏಟು ಬಿದ್ರೆ ಚೂರು ಹಾರತ್ತೆ, ಹಾರಿದ ಚೂರನ್ನ ಮೊದಲಿನ ಥರ ಮಾಡೋರು ಇಲ್ಲಿ ಸಿಗಲ್ಲ. ಹಾಗಾಗಿ ಲ್ಯಾಕರ್ ಪೀಸ್ ತಗೊಳ್ಳೋವಾಗ ನಾಲ್ಕೂ ಮೂಲೆ ಮತ್ತೆ ಹಿಂಜ್ ಪಕ್ಕದ ಅಂಚಿನ ಫೋಟೊ ಹತ್ತಿರದಿಂದ ಕೇಳಿ. ಒಂದು ಮೂಲೆ ಚೂರು ಹಾರಿದ್ರೂ ನಾನಾದ್ರೆ ಚಿನ್ನ ಲೇಪದ ಗೆರೆ ಕೆತ್ತನೆ ಪೀಸ್ ಕಡೆ ಹೋಗ್ತೀನಿ, ಅದು ಸವೆದ್ರೂ ಚೆಂದವಾಗೇ ಸವೆಯತ್ತೆ.

ಗ್ಯಾಸ್ ತುಂಬೋದು ಇನ್ನೊಂದು ಲೆಕ್ಕ. ಡ್ಯುಪಾಂಟ್‌ನವ್ರು ಮಾಡೆಲ್‌ಗೆ ತಕ್ಕ ಹಾಗೆ ಬಣ್ಣ ಬಣ್ಣದ ರೀಫಿಲ್ ಕೊಡ್ತಾರೆ, ವಾಲ್ವಿನ ಆಕಾರ ಒಂದೊಂದಕ್ಕೆ ಒಂದೊಂದು. ತಪ್ಪು ನಾಝಲ್ ಇಟ್ಟು ಒತ್ತಿದ್ರೆ ಗ್ಯಾಸ್ ಒಳಗೆ ಹೋಗಲ್ಲ, ಅದಕ್ಕಿಂತ ಕೆಟ್ಟದ್ದು ವಾಲ್ವೇ ಹಾಳಾಗತ್ತೆ. ಹಳೇ ಪೀಸ್ ಜೊತೆ ಸರಿಯಾದ ಅಡಾಪ್ಟರ್ ಬರತ್ತಾ ಅಂತ ಕೇಳೋದು ಡಬ್ಬ ಬರತ್ತಾ ಅಂತ ಕೇಳೋದಕ್ಕಿಂತ ಮುಖ್ಯ.

ರೋಲಗ್ಯಾಸ್ ಮತ್ತು ಕಾರ್ಟಿಯೇ

ಗ್ಯಾಸೇ ಬೇಕು ಆದ್ರೆ ಡ್ಯುಪಾಂಟ್ ಬೆಲೆ ಕೈಗೆಟುಕಲ್ಲ ಅನ್ನೋರಿಗೆ ಡನ್‌ಹಿಲ್ ರೋಲಗ್ಯಾಸ್ ಅದ್ಭುತವಾದ ಆಯ್ಕೆ. ಉದ್ದಕ್ಕೆ ತೆಳ್ಳಗಿನ ದೇಹ, ಪಕ್ಕದಲ್ಲಿ ಉರುಳೆ, ಅದನ್ನ ಹೆಬ್ಬೆರಳಿಂದ ಉರುಳಿಸಿದ್ರೆ ಮುಚ್ಚಳ ತಾನೇ ಎದ್ದು ಬೆಂಕಿ ಬರತ್ತೆ. 1956ರಿಂದ ದಶಕಗಟ್ಟಲೆ ಮಾಡಿದ್ದರಿಂದ ಸಂಖ್ಯೆ ಜಾಸ್ತಿ, ಸಂಖ್ಯೆ ಜಾಸ್ತಿ ಇರೋದರಿಂದ ಬಿಡಿ ಭಾಗ, ಸೀಲ್ ಕಿಟ್ ಆನ್‌ಲೈನ್ ಸಿಗತ್ತೆ, ಸೀಲ್ ಬದಲಾಯಿಸೋದು ಹೇಗೆ ಅಂತ ತೋರಿಸೋರೂ ಇದ್ದಾರೆ. ಹೆಚ್ಚಿನವು ಸ್ವಿಟ್ಜರ್ಲೆಂಡ್‌ನಲ್ಲಿ ಮಾಡಿದ್ದು, ತಳದಲ್ಲಿ ಆರ್‌ಇ 24163 ಅನ್ನೋ ಅಮೆರಿಕದ ಪೇಟೆಂಟ್ ನಂಬರ್ ಕಾಣೋದು ಸಾಮಾನ್ಯ. ತಳದ ದೊಡ್ಡ ಸ್ಕ್ರೂ ನಾಣ್ಯ ಇಟ್ಟು ತಿರುಗಿಸೋ ಅಂಥದ್ದು, ಅದರ ಸೀಳು ಕಿತ್ತು ಹೋಗಿದ್ರೆ ಯಾರೋ ಪ್ಲೈಯರ್ ಹಾಕಿ ಒದ್ದಾಡಿದ್ದಾರೆ ಅಂತ ಅರ್ಥ, ಅಂಥದ್ದನ್ನ ಮುಟ್ಬೇಡಿ. ಒಂದು ಗ್ಯಾಸ್, ಒಂದು ಪೆಟ್ರೋಲ್ ಅಂತ ಎರಡೇ ಇಟ್ಕೋಬೇಕು ಅಂದ್ರೆ ನಾನು ಯುನೀಕ್ ಮತ್ತು ರೋಲಗ್ಯಾಸ್ ಅಂತ ಕಣ್ಣು ಮುಚ್ಚಿ ಹೇಳ್ತೀನಿ.

ಕಾರ್ಟಿಯೇ ನೋಡೋಕೆ ಎಲ್ಲಕ್ಕಿಂತ ಚೆಂದ. ಅಂಡಾಕಾರದ ಕಂಬದ ಥರ, ಒಂದು ಅನಾವಶ್ಯಕ ಗೆರೆ ಇಲ್ಲ. ಅದರ ಹಿಂದಿನ ಕಥೇನೂ ದೊಡ್ಡದು. ಸಿಲ್ವರ್ ಮ್ಯಾಚ್ ಅನ್ನೋ ಸಾಧಾರಣ ಲೈಟರ್ ಕಂಪನಿಯ ಯಜಮಾನ ರಾಬೇರ್ ಓಕ್, ಕಾರ್ಟಿಯೇ ಹೆಸರಲ್ಲಿ ಲೈಟರ್ ಮಾಡೋಕೆ ಒಪ್ಪಂದ ಮಾಡ್ಕೊಂಡು 1968ರಲ್ಲಿ ಮಾರುಕಟ್ಟೆಗೆ ತಂದ, ಅದು ಎಷ್ಟು ಗೆದ್ದಿತು ಅಂದ್ರೆ 1972ರಲ್ಲಿ ಅವನೇ ಹಣ ಹಾಕೋರನ್ನ ಸೇರಿಸಿ ಪ್ಯಾರಿಸ್ಸಿನ ಕಾರ್ಟಿಯೇ ಕಂಪನೀನೇ ಕೊಂಡ. ಆಮೇಲೆ ಬಂದಿದ್ದೇ ಲೇ ಮಸ್ಟ್ ಸಾಲು, ಲೈಟರ್ರು ಪೆನ್ನು ವಾಚು ಎಲ್ಲಾ. ರಾಜರಿಗೆ ಒಡವೆ ಮಾಡ್ತಿದ್ದ ಮನೆ ಸಾಮಾನ್ಯ ಶ್ರೀಮಂತರ ಜೇಬಿಗೆ ಇಳಿದಿದ್ದು ಲೈಟರ್ ಮೂಲಕ.

ಆದ್ರೂ ಮೊದಲ ಲೈಟರ್ ಆಗಿ ಕಾರ್ಟಿಯೇ ಬೇಡ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಳಗಿನ ಮೆಕ್ಯಾನಿಸಂ ಅಷ್ಟು ಸಣ್ಣ ಜಾಗದಲ್ಲಿ ತುರುಕಿರೋದು, ಬಿಚ್ಚೋಕೆ ವಿಶೇಷ ಟೂಲ್ ಬೇಕು, ಸೋರೋ ಪೀಸ್‌ಗಳು ಮಾರುಕಟ್ಟೇಲಿ ತುಂಬಾ ಓಡಾಡ್ತಿವೆ, ನಮ್ಮ ವಾಚ್ ರಿಪೇರಿಯವರಿಗೆ ಇದರ ಅಭ್ಯಾಸ ಇಲ್ಲ. ಹೊರದೇಶದಲ್ಲಿ ಸರ್ವಿಸ್ ಮಾಡಿಸಿ, ಬಿಲ್ ಸಮೇತ ಮಾರ್ತಿದ್ರೆ ಸ್ವಲ್ಪ ಜಾಸ್ತಿ ಕೊಟ್ಟಾದ್ರೂ ತಗೊಳ್ಳಿ. ಬಿಲ್ ಇಲ್ಲದೇ ಬರೀ ಬಾಯಿಮಾತಲ್ಲಿ ವರ್ಕಿಂಗ್ ಕಂಡೀಷನ್ ಅಂದ್ರೆ, ಕಿಡಿ ಬರತ್ತೆ ಅಂತಷ್ಟೇ ಅರ್ಥ ಮಾಡ್ಕೊಳ್ಳಿ, ಗ್ಯಾಸ್ ನಿಲ್ಲತ್ತೆ ಅಂತಲ್ಲ.

ಝಿಪ್ಪೊ ಲಕ್ಷುರೀನಾ?

ಸಾಮಾನ್ಯ ಝಿಪ್ಪೊ ಅಲ್ಲ, ಆದ್ರೆ ಸ್ಟರ್ಲಿಂಗ್ ಬೆಳ್ಳಿ ಝಿಪ್ಪೊ ಖಂಡಿತ ಹೌದು, ತಳದಲ್ಲಿ ಸ್ಟರ್ಲಿಂಗ್ ಅಂತ ಒತ್ತಿರತ್ತೆ. ಪೆನ್ಸಿಲ್ವೇನಿಯದ ಬ್ರ್ಯಾಡ್‌ಫರ್ಡಲ್ಲಿ ಜಾರ್ಜ್ ಬ್ಲೇಸ್‌ಡೆಲ್ 1933ರಲ್ಲಿ 1.95 ಡಾಲರ್‌ಗೆ ಮಾರೋಕೆ ಶುರು ಮಾಡಿದ್ದು. ಹೊಸಬರಿಗೆ ಝಿಪ್ಪೊದ ದೊಡ್ಡ ಲಾಭ ವರ್ಷ ಗೊತ್ತಾಗೋದು. 1950ರ ದಶಕದ ಕೊನೆಯಿಂದ ತಳದಲ್ಲಿ ಚುಕ್ಕೆ, ಆಮೇಲೆ 1966ರಿಂದ ನೇರ ಗೆರೆ, 1974ರಿಂದ ಬಲಕ್ಕೆ ವಾಲಿದ ಗೆರೆ, 1982ರಿಂದ ಎಡಕ್ಕೆ ವಾಲಿದ ಗೆರೆ, ವರ್ಷ ಕಳೆದ ಹಾಗೆ ಒಂದೊಂದು ಗುರುತು ಕಡಿಮೆ. 1986ರ ಮಧ್ಯದಿಂದ ತಿಂಗಳಿಗೆ ಅಕ್ಷರ, ವರ್ಷಕ್ಕೆ ರೋಮನ್ ಅಂಕಿ, 2001ರಿಂದ ಮಾಮೂಲಿ ಅಂಕಿ. ಇಷ್ಟು ತಿಳ್ಕೊಂಡ್ರೆ ಮಾರೋರು ಹೇಳೋ ಅರ್ಧ ಸುಳ್ಳು ಅಲ್ಲೇ ಗೊತ್ತಾಗತ್ತೆ.

ಒಂದು ಎಚ್ಚರಿಕೆ. ಕಂಪನಿಯವ್ರು ಎಷ್ಟೇ ಹಳೇದಾದ್ರೂ ಫ್ರೀಯಾಗಿ ರಿಪೇರಿ ಮಾಡಿಕೊಡ್ತಾರೆ, ಅದು ಬಳಸೋರಿಗೆ ವರ, ಆದ್ರೆ ಕಲೆಕ್ಟರ್‌ಗೆ ಹಳೇ ಕೇಸಿಗೆ ಹಳೇ ಇನ್ಸರ್ಟೇ, ಅಂದ್ರೆ ಬತ್ತಿ ಚಕ್ರ ಇರೋ ಒಳಗಿನ ಭಾಗವೇ, ಇರ್ಬೇಕು, ರಿಪೇರೀಲಿ ಅದು ಬದಲಾಗೋ ಸಾಧ್ಯತೆ ಇದೆ. ತಗೊಳ್ಳೋವಾಗಲೂ ಇನ್ಸರ್ಟ್ ಹೊರಗೆ ಎಳೆದು ಕೇಸಿನ ಕಾಲಕ್ಕೂ ಅದಕ್ಕೂ ಹೊಂದತ್ತಾ ನೋಡಿ. ವಿಯೆಟ್ನಾಂ ಯುದ್ಧದ ಝಿಪ್ಪೊ ಅಂತ ಮಾರೋದನ್ನ ಸುಮ್ಮನೆ ದಾಟಿ ಮುಂದೆ ಹೋಗಿ, ಆ ಹೆಸರಲ್ಲಿ ನಕಲಿ ಕೆತ್ತನೆ ಅಷ್ಟಿದೆ.

ಕೈಗೆ ತಗೊಂಡು ನೋಡೋದು ಹೇಗೆ

ಬ್ರ್ಯಾಂಡ್ ಯಾವುದೇ ಇರ್ಲಿ, ಮೊದಲು ಕಲ್ಲಿನ ಕೊಳವೆ ನೋಡಿ. ಲೈಟರ್ ಕಲ್ಲು ನಿಜವಾದ ಕಲ್ಲಲ್ಲ, ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಖ್ 1903ರಲ್ಲಿ ಕಂಡುಹಿಡಿದ ಸೀರಿಯಂ ಮತ್ತು ಕಬ್ಬಿಣದ ಮಿಶ್ರಲೋಹ. ಗ್ಯಾಸ್ ದೀಪದಲ್ಲಿ ಬೆಳಗೋ ಬಲೆಯಂಥ ಮ್ಯಾಂಟಲ್ ಕಂಡುಹಿಡಿದವನೂ ಅವನೇ, ಅದಕ್ಕೆ ಥೋರಿಯಂ ಬೇಕಿತ್ತು, ಮೊನಜೈಟ್ ಮರಳಿಂದ ಥೋರಿಯಂ ತೆಗೆದ್ಮೇಲೆ ಉಳಿದ ಕಸದಲ್ಲಿ ಸೀರಿಯಂ ರಾಶಿ ಇತ್ತು, ಆ ಕಸಕ್ಕೆ ಸಿಕ್ಕ ಉಪಯೋಗವೇ ಈ ಕಲ್ಲು. 1909ರಲ್ಲಿ ನಮ್ಮ ಪಕ್ಕದ ತಿರುವಾಂಕೂರಿನ ಕಡಲ ಮರಳಲ್ಲೂ ಮೊನಜೈಟ್ ಸಿಕ್ಕಿ ಅಲ್ಲಿಂದಲೂ ಮ್ಯಾಂಟಲ್ ಕಾರ್ಖಾನೆಗಳಿಗೆ ಹಡಗಲ್ಲಿ ಹೋಗ್ತಿತ್ತು.

ಈ ಮಿಶ್ರಲೋಹಕ್ಕೆ ತೇವ ಆಗಲ್ಲ. ವರ್ಷಗಟ್ಟಲೆ ಒಳಗೇ ಬಿಟ್ರೆ ಬೂದು ಪುಡಿಯಾಗಿ ಉಬ್ಬಿ ಕೊಳವೆಯಲ್ಲಿ ಸಿಮೆಂಟ್ ಥರ ಕಚ್ಕೊಳ್ಳತ್ತೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಮನೆಗಳಿಂದ ಬರೋ ಪೀಸಲ್ಲಿ ಇದು ತುಂಬಾ ಸಾಮಾನ್ಯ, ಗಲ್ಫಿಂದ ತಂದುಕೊಟ್ಟ ಲೈಟರ್ ಬೀರುವಲ್ಲೇ ಮಳೆಗಾಲ ಮೇಲೆ ಮಳೆಗಾಲ ಕಳೆದಿರತ್ತೆ. ಕಲ್ಲಿನ ಸ್ಕ್ರೂ ಬಿಚ್ಚಿ, ಸ್ಪ್ರಿಂಗ್ ಹೊರಗೆ ಬರತ್ತಾ ನೋಡಿ. ಬಂದ್ರೆ ಅರ್ಧ ಗೆದ್ದ ಹಾಗೆ. ಬರಲಿಲ್ಲ ಅಂದ್ರೆ ಸಣ್ಣ ಡ್ರಿಲ್ ಬಿಟ್ಟನ್ನ ಬೆರಳಲ್ಲೇ ತಿರುಗಿಸ್ತಾ ಚೂರು ಚೂರೇ ಕೆರೆದು ತೆಗೀಬೇಕು, ಮೆಷೀನ್ ಡ್ರಿಲ್ ಹಾಕಿದ್ರೆ ಕೊಳವೆ ಗೋಡೆ ಹೋಗತ್ತೆ, ಆಮೇಲೆ ದೇವರೇ ಗತಿ. ಕಲ್ಲು ಕಚ್ಕೊಂಡಿದೆ ಅನ್ನೋದು ಬೆಲೆ ಇಳಿಸೋಕೆ ನ್ಯಾಯವಾದ ಕಾರಣ, ಬಿಟ್ಟು ಬರೋಕೆ ಕಾರಣ ಅಲ್ಲ.

ಗ್ಯಾಸ್ ಲೈಟರ್ ಆದ್ರೆ ಸೋರಿಕೆ ನೋಡೋಕೆ ನಂಗೆ ಗೊತ್ತಿರೋ ಅತ್ಯುತ್ತಮ ವಿಧಾನ ತಕ್ಕಡಿ. ಅಕ್ಕಸಾಲಿಗರು ಇಟ್ಕೊಳ್ಳೋ ಸಣ್ಣ ಡಿಜಿಟಲ್ ತಕ್ಕಡಿ, ಗ್ರಾಮಿನ ನೂರನೇ ಭಾಗ ತೋರಿಸೋದು. ಮೊದಲು ಬಯಲಲ್ಲಿ, ಹತ್ತಿರ ದೀಪ ಒಲೆ ಏನೂ ಇಲ್ದೇ ಇರೋ ಕಡೆ, ಹಳೇ ಗ್ಯಾಸ್ ಮತ್ತು ಒಳಗಿನ ಗಾಳಿಯನ್ನ ವಾಲ್ವ್ ಒತ್ತಿ ಪೂರ್ತಿ ಹೊರಗೆ ಬಿಡಿ. ಆಮೇಲೆ ಲೈಟರ್ ತಲೆಕೆಳಗೆ ಹಿಡಿದು, ಕ್ಯಾನ್ ಅದರ ಮೇಲೆ ತಲೆಕೆಳಗಾಗಿ ನೇರವಾಗಿ ಒತ್ತಿ ತುಂಬಿ. ಲೈಟರ್ ತಣ್ಣಗಾಗಿರತ್ತೆ, ಮತ್ತೆ ರೂಮಿನ ಬಿಸಿಗೆ ಬರೋವರೆಗೂ ಹತ್ತಿಸ್ಬೇಡಿ. ಆಮೇಲೆ ತೂಕ ಬರೆದಿಡಿ, ಎರಡು ದಿನ ಬಿಟ್ಟು, ಒಂದು ವಾರ ಬಿಟ್ಟು ಮತ್ತೆ ತೂಗಿ. ಹತ್ತಿಸ್ದೇನೇ ತೂಕ ಇಳೀತಾ ಇದ್ರೆ ಸೀಲ್ ಹೋಗಿದೆ. ಮೂಗಿಗೆ ಗೊತ್ತಾಗಲ್ಲ, ಒಳ್ಳೇ ರೀಫಿಲ್ ಗ್ಯಾಸಿಗೆ ವಾಸನೆ ತುಂಬಾ ಕಡಿಮೆ.

ಚಿನ್ನದ ವಿಷಯಕ್ಕೆ ಬಂದ್ರೆ ಬೆಂಗಳೂರಿನ ಅವೆನ್ಯೂ ರೋಡಲ್ಲಿ ಚಿನ್ನ ಪರೀಕ್ಷೆ ಮಾಡೋ ಮೆಷೀನಲ್ಲಿ ಇಟ್ಟು ನೋಡಿ ಇದು ಹದಿನೆಂಟು ಕ್ಯಾರಟ್ ಅಂತ ಬಂತು ಅಂತ ಕುಣೀಬೇಡಿ. ಎಕ್ಸ್‌ರೇ ಮೆಷೀನ್ ನೋಡೋದು ಮೇಲ್ಮೈ ಮಾತ್ರ, ಇಪ್ಪತ್ತು ಮೈಕ್ರಾನ್ ದಪ್ಪ ಚಿನ್ನದ ಲೇಪ ಇದ್ರೆ ಅದನ್ನೇ ಓದಿ ಹೇಳಿಬಿಡತ್ತೆ. ಫ್ರಾನ್ಸಿನ ಗಟ್ಟಿ ಚಿನ್ನಕ್ಕೆ ಹದ್ದಿನ ತಲೆಯ ಗುರುತು, ಬೆಳ್ಳಿಗೆ ಮಿನರ್ವ ದೇವತೆಯ ತಲೆ ಇರತ್ತೆ. ಅದು ಇಲ್ದೇ ಮೈಕ್ರಾನ್ ಅಂತ ಏನಾದ್ರೂ ಬರೆದಿದ್ರೆ ಲೇಪ, ಲೇಪದ ಬೆಲೇನೇ ಕೊಡಿ.

ಚರ್ಮದ ಪೀಸ್‌ಗಳಲ್ಲಿ ಕಾನೂನು ನೋಡ್ಕೊಳ್ಳಿ. ಹಳೇ ಯುನೀಕ್‌ಗಳಲ್ಲಿ ಹಲ್ಲಿ ಜಾತಿ, ಹಾವಿನ ಚರ್ಮ ಇರತ್ತೆ, ಬೇರೆ ಕೆಲವದರಲ್ಲಿ ಆನೆ ದಂತ, ಆಮೆ ಚಿಪ್ಪು. ದಂತ ಮತ್ತು ಚಿಪ್ಪಿನದ್ದು ಎಷ್ಟೇ ಚೆನ್ನಾಗಿದ್ರೂ ಕೈ ಹಾಕ್ಬೇಡಿ, 1972ರ ವನ್ಯಜೀವಿ ಕಾಯ್ದೆ ಇದೆ, ಹೊರದೇಶದಿಂದ ತರಿಸೋಕೆ ಅಂತರರಾಷ್ಟ್ರೀಯ ಪರ್ಮಿಟ್ ಗೊಂದಲಾನೂ ಇದೆ, ಅದಕ್ಕಿಂತ ಹೆಚ್ಚಾಗಿ ಒಂದು ಪ್ರಾಣಿಯ ದಂತಕ್ಕೆ ಮತ್ತೆ ಬೆಲೆ ಕಟ್ಟೋದು ಸರಿಯಲ್ಲ.

ತರಿಸೋದು

ಲೈಟರ್‌ನ ಫ್ಲೈಟಲ್ಲಿ ಜೇಬಲ್ಲಿಟ್ಕೊಂಡು ಬರ್ತೀನಿ ಅಂದ್ಕೊಳ್ಳಬೇಡಿ, ನಮ್ಮ ಏರ್‌ಪೋರ್ಟ್ ಸೆಕ್ಯುರಿಟೀಲಿ ಲೈಟರ್ ತೆಗೆದಿಟ್ಕೊಳ್ತಾರೆ, ಅದು ಅಜ್ಜನ ಡನ್‌ಹಿಲ್ಲೋ ಹತ್ತು ರೂಪಾಯಿ ಲೈಟರೋ ಅವರಿಗೆ ಒಂದೇ. ಅಮೆರಿಕ, ದುಬೈ ಕಡೆಯಿಂದ ಬರೋ ನೆಂಟರ ಕೈಲಿ ತರಿಸೋ ಯೋಚನೆ ಇದ್ರೆ ಮೊದಲೇ ಏರ್‌ಲೈನನ್ನ ಕೇಳಿಸಿ. ಕೊರಿಯರ್ ಆದ್ರೆ ಮಾರೋರು ಗ್ಯಾಸ್ ಅಥವಾ ಫ್ಲೂಯಿಡ್ ಪೂರ್ತಿ ಖಾಲಿ ಮಾಡಿ ಕಳಿಸ್ಬೇಕು, ಹತ್ತಿಯ ವಾಸನೆ ಕೂಡ ಹೋಗಿರ್ಬೇಕು. ಇಪ್ಪತ್ತು ರೂಪಾಯಿಗಿಂತ ಕಡಿಮೆ ಬೆಲೆಯ ಲೈಟರ್ ಆಮದಿಗೆ 2023ರಿಂದ ನಿಷೇಧ ಇದೆ, ಅದು ನಮ್ಮ ಪೀಸಿಗೆ ತಾಗಲ್ಲ, ಆದ್ರೆ ಪಾರ್ಸೆಲ್ ಮೇಲೆ ಸರಿಯಾದ ಬೆಲೆ ಬರೆಸೋಕೆ ಇದೂ ಒಂದು ಕಾರಣ, ಕಡಿಮೆ ಬರೆಸಿ ಡ್ಯೂಟಿ ಉಳಿಸೋಕೆ ಹೋದ್ರೆ ಸಿಕ್ಕಾಕೊಳ್ತೀರಿ. ಕಸ್ಟಮ್ಸ್ ಡ್ಯೂಟಿ ಸೇರಿಸಿದ್ಮೇಲೂ ಆ ಬೆಲೆ ಒಪ್ಪಿಗೆ ಆದ್ರೆ ಮಾತ್ರ ಆರ್ಡರ್ ಮಾಡಿ.

ಕೆನಡಾ, ಮಿನೆಸೋಟ ಅಂಥ ಚಳಿ ಊರಲ್ಲಿರೋ ಕನ್ನಡದವರಿಗೆ ಪೆಟ್ರೋಲೇ ಮೇಲು. ಬ್ಯುಟೇನ್ ಸೊನ್ನೆ ಡಿಗ್ರಿ ಹತ್ತಿರ ಆವಿಯಾಗೋದೇ ಕಡಿಮೆ ಮಾಡತ್ತೆ, ಹೊರಗಡೆ ಹತ್ತೋದೇ ಇಲ್ಲ. ಕಲಬುರಗಿ, ರಾಯಚೂರಿನ ಬೇಸಿಗೇಲಿ ಉಲ್ಟಾ, ಒತ್ತಡ ಜಾಸ್ತಿ ಆಗತ್ತೆ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಗ್ಯಾಸ್ ಲೈಟರ್ ಬಿಟ್ಟು ಹೋಗ್ಬೇಡಿ.

ಇಟ್ಕೊಳ್ಳೋದು

ಶೋಕೇಸಿಗೆ ಹಾಕೋ ಮುಂಚೆ ಕಲ್ಲು ತೆಗೆದಿಡಿ, ಗ್ಯಾಸ್ ಖಾಲಿ ಮಾಡಿ. ಬೆಳ್ಳಿ ಪೀಸನ್ನ ರಬ್ಬರ್ ಬ್ಯಾಂಡಿಂದ ಸುತ್ತಬೇಡಿ, ಉಣ್ಣೆ ಬಟ್ಟೇಲೂ ಇಡಬೇಡಿ, ಎರಡರಲ್ಲೂ ಇರೋ ಗಂಧಕದಿಂದ ಕಪ್ಪಾಗತ್ತೆ. ಕಾಟನ್ ಬಟ್ಟೆ, ಜಿಪ್ ಕವರ್, ಒಂದು ಸಿಲಿಕಾ ಜೆಲ್ ಪೊಟ್ಟಣ ಸಾಕು. ಪಾಲಿಶ್ ಮಾಡಿಸೋ ವಿಷಯದಲ್ಲಿ ನಾನು ತುಂಬಾ ಹಟ ಹಿಡೀತೀನಿ, ಬಫಿಂಗ್ ಮೆಷೀನಿಗೆ ಕೊಡಲೇಬೇಡಿ. ಕಪ್ಪು ಹೋಗೋ ಜೊತೆಗೆ ಕೆತ್ತನೆ ಗೆರೆಯ ಚೂಪೂ ಹೋಗತ್ತೆ, ಹಾಲ್‌ಮಾರ್ಕೂ ಹೋಗತ್ತೆ, ಒಂದು ಸಲ ಹೋದ ಲೋಹ ವಾಪಸ್ ಬರಲ್ಲ. ಮೂಲೇಲಿ ಹಿತ್ತಾಳೆ ಸ್ವಲ್ಪ ಕಾಣೋ ಲೈಟರ್, ಪೂರ್ತಿ ಮರುಲೇಪ ಮಾಡಿಸಿದ ಲೈಟರ್‌ಗಿಂತ ಎಷ್ಟೋ ಮೇಲು ನನ್ನ ಕಣ್ಣಿಗೆ.

ಹಾಗಾಗಿ ಯಾರಾದ್ರೂ ಕೇಳಿದ್ರೆ ನಾನು ಹೇಳೋ ಕ್ರಮ ಹೀಗೆ. ಕೈ ಪಳಗೋಕೆ ಒಂದು ರಾನ್ಸನ್ ಸ್ಟ್ಯಾಂಡರ್ಡು, ಅದನ್ನ ಪೂರ್ತಿ ಬಿಚ್ಚಿ ಜೋಡಿಸೋಕೆ ಬಂದ್ಮೇಲೆ ಬೆಳ್ಳಿ ಲೇಪದ ಯುನೀಕ್. ಆಮೇಲೆ ಸೀಲ್ ಬದಲಾಯಿಸಿರೋ ರೋಲಗ್ಯಾಸ್. ಡ್ಯುಪಾಂಟ್ ಲೀನ್ಯ್ ಎರಡಕ್ಕೆ ದುಡ್ಡು ಕೂಡಿಡ್ತಾ ಇರಿ, ಅವಸರದಲ್ಲಿ ಸಿಕ್ಕ ಮೊದಲನೇ ಪೀಸ್ ತಗೋಬೇಡಿ, ಗೆರೆ ಕೆತ್ತನೆಯ ಚಿನ್ನ ಲೇಪದ್ದು, ಹಿಂಜ್ ಬಿಗಿ ಇರೋದು, ಅಡಾಪ್ಟರ್ ಸಮೇತ ಬರೋದು ಸಿಗೋವರೆಗೂ ಕಾಯಿರಿ. ಕಾರ್ಟಿಯೇ ಸರ್ವಿಸ್ ಬಿಲ್ ಜೊತೆ ಬಂದ್ರೆ ಮಾತ್ರ. ಮತ್ತೆ ಮನೇಲಿ ಅಪ್ಪಂದೋ ಅಜ್ಜಂದೋ ಹಳೇ ಲೈಟರ್ ಇದ್ರೆ, ಯಾವ ಕಂಪನೀದೇ ಆಗಿರ್ಲಿ, ಹೊಸದು ಹುಡುಕೋ ಮುಂಚೆ ಅದರ ಕಲ್ಲಿನ ಸ್ಕ್ರೂ ಬಿಚ್ಚಿ ನೋಡಿ.